ಮೆಕ್ಸಿಕೋಗೆ ಯಾವ ಸೇತುವೆ?

ಮಾನಸ: ಲರೇಡೋ ಸೇತುವೆಗೆ ಏನ್ರೀ ಕಡಿಮೆಯಾಗಿದೆ? ಊರೆಲ್ಲ ಅಲ್ಲೇ ದಾಟತ್ತೆ.

ವಾಮನ: ಊರೆಲ್ಲ ದಾಟತ್ತೆ ಅಂತಾನೇ ಬೇಡ ಅಂದಿದ್ದು. ಕ್ಯೂನಲ್ಲಿ ಕೂತು ಬೇರು ಬಿಡ್ಬೇಕು. ಸ್ವಲ್ಪ ಆಚೆ ಕೊಲಂಬಿಯಾ ಸೇತುವೆ ಇದೆ, ಅಲ್ಲಿ ರಶ್ ಕಮ್ಮಿ.

ಮಾನಸ: ನಾನು ಹೋಗ್ಬೇಕಾಗಿರೋದು ತಂಗಿ ಮನೆಗೆ. ಸೇತುವೆ ನೋಡೋಕಲ್ಲ.

ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನ ಸಾಲುಮನೆಯೊಂದರಲ್ಲಿ ಮೂರು ವಾರದಿಂದ ಇದೇ ರಾಮಾಯಣ. ಮಾನಸಳ ತಂಗಿ ಇಂಚರಾ ಮೆಕ್ಸಿಕೋದ ಮಾಂಟೆರೆಯಲ್ಲಿ ಏಳು ತಿಂಗಳ ಬಸುರಿ. ಶುಕ್ರವಾರ ಬೆಳಿಗ್ಗೆ ಸೀಮಂತ. ನಾಳೆ ಬುಧವಾರ ವಿಮಾನ ಹತ್ತಿ ಟೆಕ್ಸಾಸಿನ ಗೆಳೆಯ ನಿತೀಶನ ಮನೆ ಸೇರುವುದು, ಗುರುವಾರ ಅವನ ಕಾರಿನಲ್ಲಿ ಗಡಿ ದಾಟುವುದು. ವಿಮಾನದಲ್ಲೇ ಕೊನೆತನಕ ಹೋಗೋಣವೆಂದರೆ ವಾಮನ ಕೇಳುವ ಜಾತಿಯಲ್ಲ. ನಕ್ಷೆ ಕಂಡರೆ ಅವನಿಗೆ ಹಸಿವು, ನಿದ್ದೆ ಎರಡೂ ಬೇಡ.

ಸೀಮಂತಕ್ಕೆಂದು ಮೈಸೂರಿನಿಂದ ಹಸಿರು ಬಳೆ ಹೊತ್ತು ತಂದಿದ್ದ ಅತ್ತೆ ಇಂದಿರಮ್ಮ ಅಡುಗೆಮನೆಯಿಂದ ಇಣುಕಿದರು.

ಇಂದಿರಮ್ಮ: ಯಾವ ಸೇತುವೆಯಾದ್ರೂ ಇರ್ಲಿ ಅಳಿಯಂದ್ರೇ, ಹೋಗೋದು ದಕ್ಷಿಣಕ್ಕೇ ತಾನೆ?

ವಾಮನ: ದಕ್ಷಿಣಕ್ಕೆ ಅತ್ತೆ.

ಇಂದಿರಮ್ಮ: ಗುರುವಾರ ದಕ್ಷಿಣಕ್ಕೆ ವಾರಶೂಲೆ ಅಲ್ವೇ? ಅವತ್ತು ಆ ದಿಕ್ಕಿಗೆ ಹೊರಡ್ಲೇಬಾರ್ದು. ಚೊಚ್ಚಲ ಬಸುರಿ ಮನೆಗೆ ಶೂಲೆ ತುಳ್ಕೊಂಡು ಹೋಗ್ತಾರಾ ಯಾರಾದ್ರೂ?

ವಾಮನ: ಮೆಕ್ಸಿಕೋ ಇರೋದೇ ದಕ್ಷಿಣಕ್ಕೆ ಅತ್ತೆ. ನಾನೇನ್ ತಗೊಂಡೋಗಿ ಅಲ್ಲಿಟ್ಟಿಲ್ಲ.

ಮಾನಸ: ಶುಕ್ರವಾರ ಹೊರಟ್ರೆ ಸೀಮಂತ ಮುಗ್ದೋಗಿರತ್ತಮ್ಮ.

ಇಂದಿರಮ್ಮ: ಹಾಗಂತ ಶೂಲೆ ಸುಮ್ನಿರತ್ತಾ?

ಅತ್ತೆಗೆ ಎದುರಾಡಿ ಗೆದ್ದ ಅಳಿಯ ಇನ್ನೂ ಹುಟ್ಟಿಲ್ಲ. ವಾಮನ ಲ್ಯಾಪ್‌ಟಾಪಿನ ನಕ್ಷೆಯನ್ನು ಹಿಗ್ಗಿಸಿದ, ಕುಗ್ಗಿಸಿದ, ಕತ್ತು ಓರೆ ಮಾಡಿ ನೋಡಿದ.

ವಾಮನ: ಸಿಕ್ತು! ಈಗಲ್ ಪಾಸ್ ಅಂತ. ಇಲ್ಲಿ ಸೇತುವೆ ಹೆಚ್ಚುಕಮ್ಮಿ ಪಶ್ಚಿಮಕ್ಕೇ ಹೋಗತ್ತೆ. ಗುರುವಾರ ಪಶ್ಚಿಮಕ್ಕೆ ಏನೂ ದೋಷ ಇಲ್ಲ ತಾನೆ?

ಇಂದಿರಮ್ಮ: ಏನೇನೂ ಇಲ್ಲ.

ಮಾನಸ: ದಾಟಿದ್ಮೇಲೆ?

ವಾಮನ: ದಾಟಿದ್ಮೇಲೆ ಎಡಕ್ಕೆ.

ಮಾನಸ: ಎಡಕ್ಕೆ ಅಂದ್ರೆ ದಕ್ಷಿಣ ಅಲ್ವೇನ್ರೀ?

ವಾಮನ: ಎಡಕ್ಕೆ ಅಂದ್ರೆ ಎಡಕ್ಕೆ! ಅತ್ತೆ ಎದುರಿಗೆ ಅದನ್ನ ಬಿಡಿಸಿ ಹೇಳ್ಬೇಕಾ?

ಮಾನಸ: ಎರಡು ಗಂಟೆ ಸುತ್ತು ಬೇರೆ.

ಇಂದಿರಮ್ಮ: ಇಷ್ಟೆಲ್ಲ ಸರ್ಕಸ್ ಯಾಕೆ ಅಳಿಯಂದ್ರೇ? ನಿಮಗೆ ಬೇಕಾದ ಸೇತುವೇಲೇ ಹೋಗಿ. ಇದಕ್ಕೇ ಅಂತ ನಾನು ಬೆಳಿಗ್ಗೆನೇ ಪರಸ್ಥಾನ ಇಟ್ಟಾಯ್ತು.

ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಚೀಲವೊಂದನ್ನು ಇಟ್ಟು ಬರುವುದೇ ಪರಸ್ಥಾನ. ಪ್ರಯಾಣ ಆಗಲೇ ಶುರುವಾಯಿತೆಂದು ಗ್ರಹಗಳನ್ನು ನಂಬಿಸುವ ಉಪಾಯ. ವಾಮನನಿಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸುವಷ್ಟು ಸಂತೋಷವಾಯಿತು.

ವಾಮನ: ಹಾಗಾದ್ರೆ ಕೊಲಂಬಿಯಾ ಸೇತುವೆನೇ ಗ್ಯಾರಂಟಿ! ಯಾರ ಮನೇಲಿಟ್ರಿ ಅತ್ತೆ?

ಇಂದಿರಮ್ಮ: ದಕ್ಷಿಣದ ಕಡೆ ಪಕ್ಕದ ಮನೆ ಗೆರಿಟ್ ಇದ್ದಾರಲ್ಲ, ಅವರ ಚಿಕ್ಕ ಮನೇಲಿ.

ಮಾನಸ: ಯಾವ ಚಿಕ್ಕ ಮನೆ?

ಇಂದಿರಮ್ಮ: ಬಾಗಿಲ ಮುಂದೇನೇ ಇತ್ತಲ್ಲೇ, ಬೆಳ್ಳಗೆ. ಬಾಗ್ಲು ತೆಗ್ದಿತ್ತು. ಮಂಚ, ಒಲೆ, ಪರದೆ, ಎಲ್ಲಾ ಎಷ್ಟು ಅಚ್ಚುಕಟ್ಟು! ಮಂಚದ ಕೆಳಗಿಟ್ಟು ಕೈಮುಗಿದು ಬಂದೆ.

ಮಾನಸ: ಅಮ್ಮಾ, ಅದು ಕ್ಯಾರವಾನು! ಕಾರಿಗೆ ಕಟ್ಕೊಂಡು ಹೋಗೋದು! ಚಕ್ರ ನೋಡ್ಲಿಲ್ವಾ?

ಇಂದಿರಮ್ಮ: ಮನೆಗೆ ಹೋದೋರು ಚಕ್ರ ಯಾಕೆ ನೋಡ್ತಾರೆ?

ವಾಮನ: ಅತ್ತೆ... ಯಾವ ಚೀಲ?

ಇಂದಿರಮ್ಮ: ಪ್ರಯಾಣಕ್ಕೆ ಮುಖ್ಯವಾದದ್ದನ್ನೇ ಇಡ್ಬೇಕಲ್ಲ. ಆ ಕಪ್ಪು ಚೀಲ. ಬಳೆ, ಮೂರು ಪಾಸ್‌ಪೋರ್ಟು...

ಮೂವರೂ ಕಿಟಕಿಗೆ ಮುಗಿಬಿದ್ದರು. ಗೆರಿಟ್ ಮನೆಯ ಮುಂದೆ ಒಂದು ಬೆಕ್ಕು ಬಿಸಿಲು ಕಾಯಿಸುತ್ತಿತ್ತು, ಅಷ್ಟೇ. ಇಂದಿರಮ್ಮನ ಕಣ್ಣಲ್ಲಿ ನೀರೇ ಬಂತು. ಮೊದಲ ಮೊಮ್ಮಗು; ಮಗಳಿಗೆ ತಾನು ಕೈಯಾರೆ ಬಳೆ ತೊಡಿಸದಿದ್ದರೆ ಆ ಸೀಮಂತ ಇದ್ದೂ ಏನು? ಮಾನಸ ಫೋನ್ ಹಚ್ಚಿದಳು. ಡಚ್ಚಿನಲ್ಲಿ ಏನೇನೋ ಕೇಳಿದಳು, ಕೊನೆಗೆ ಉಸಿರು ಬಿಟ್ಟಳು.

ಮಾನಸ: ರಜಕ್ಕೆ ಫ್ರಾನ್ಸಿಗೆ ಹೊರಟಿದಾರಂತೆ. ಬೆಲ್ಜಿಯಂ ಗಡಿ ದಾಟಿ ಪೆಟ್ರೋಲ್ ಬಂಕಲ್ಲಿ ಕಾಫಿ ಕುಡೀತಿದಾರೆ. ಚೀಲ ಮಂಚದ ಕೆಳಗೇ ಇದೆ, ಬನ್ನಿ, ಕಾಯ್ತೀನಿ ಅಂದ್ರು.

ಹೋದ ಜೀವ ಬಂದಂತಾಗಿ ವಾಮನ ಕಾರಿನ ಕೀ ಎಳೆದುಕೊಂಡ.

ವಾಮನ: ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ. ಊಟದ ಹೊತ್ತಿಗೆ ಚೀಲದ ಸಮೇತ ಇಲ್ಲಿರ್ತೀನಿ.

ಇಂದಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪಂಚಾಂಗ ತೆರೆದರು.

ಇಂದಿರಮ್ಮ: ಹೋಗೋದಕ್ಕೆ ಅಡ್ಡಿಯಿಲ್ಲ ಅಳಿಯಂದ್ರೇ. ಮಂಗಳವಾರ ದಕ್ಷಿಣಕ್ಕೆ ಸಲೀಸು.

ವಾಮನ: ಸದ್ಯ!

ಇಂದಿರಮ್ಮ: ವಾಪಸ್ ಬರೋದು ಉತ್ತರಕ್ಕಲ್ವಾ? ಅದು ಮಾತ್ರ ಇವತ್ತೂ ಬೇಡ, ನಾಳೆನೂ ಬೇಡ.