ಈಡುಗಾಯಿ ಒಡೆದ ಪುಣ್ಯ

ಕೆಟ್ಟದ್ದು ಮಾಡಲು ಹೋಗಿ ಸಿಕ್ಕಿಬಿದ್ದರೆ ಒಂದು ಸಲ ನಾಚಿಕೆ. ಒಳ್ಳೆಯದು ಮಾಡಲು ಹೋಗಿ ಸಿಕ್ಕಿಬಿದ್ದರೆ, ಆ ನಾಚಿಕೆ ಮುಗಿಯುವುದೇ ಇಲ್ಲ. ಯಾರಾದರೂ ಪ್ರಯಾಣ ಹೊರಟರೆ ಒಂದು ಕಾಯಿ ಒಡೆಯದೆ ಕಳಿಸಿ ನನಗೆ ಅಭ್ಯಾಸವಿಲ್ಲ. ಮಗಳು ಪರೀಕ್ಷೆಗೆ ಹೊರಟಾಗ ಒಡೆದಿದ್ದೇನೆ. ಯಜಮಾನರು ಯಾರದೋ ಹಳೆಯ ಸ್ಕೂಟರ್ ತಂದಾಗಲೂ ಒಡೆದೆ. ಅದು ಗೇಟು ದಾಟುವ ಮೊದಲೇ ಕೆಟ್ಟು ನಿಂತಿತು. ಸದ್ಯ, ನಡುರಸ್ತೆಯಲ್ಲಿ ನಿಲ್ಲಲಿಲ್ಲವಲ್ಲ, ದೇವರು ದೊಡ್ಡವನು ಎಂದುಕೊಂಡೆ. ಯಜಮಾನರು ಏನೆಂದುಕೊಂಡರೋ ಕೇಳಲಿಲ್ಲ.

ಹೋದ ತಿಂಗಳು ನಮ್ಮ ಶಿಡ್ಲಘಟ್ಟಕ್ಕೆ ಸೈಕಲ್ ಯಾತ್ರೆಯವರು ಬಂದಿದ್ದರು. ಆಟದಲ್ಲಿ ಪದಕ ಗೆದ್ದವರ ಹೆಸರನ್ನು ಸೈಕಲ್ಲಿಗೆ ಕಟ್ಟಿಕೊಂಡು, ಊರೂರು ಸುತ್ತಿ, ಅಲ್ಲಲ್ಲಿಯ ಆಟಗಾರರಿಗೆ ಶಾಲು ಹೊದಿಸುವ ಜನ. ಬೆಳಗ್ಗೆ ಚಿಂತಾಮಣಿ ಬಿಟ್ಟವರಿಗೆ ನಮ್ಮ ಬೀದಿಯ ಗಣಪತಿ ಗುಡಿಯ ಮುಂದೆ ತಿಂಡಿ. ಚಿಕ್ಕಬಳ್ಳಾಪುರದ ಮೇಲೆ ಹಾದು ಸಂಜೆಯೊಳಗೆ ಗೌರಿಬಿದನೂರು ಸೇರಬೇಕಿತ್ತು. ಅಲ್ಲಿ ಓಟದಲ್ಲಿ ಗೆದ್ದ ಹುಡುಗಿಯೊಬ್ಬಳಿಗೆ ಸನ್ಮಾನ. ಅವಳ ಹೆಸರು ಕಟ್ಟಿಕೊಂಡಿದ್ದ ರೂಪಾ ಎಂಬ ತೆಳ್ಳನೆಯ ಹೆಣ್ಣುಮಗಳಿಗೆ ನಾನೇ ಅವರೆಕಾಳು ಉಪ್ಪಿಟ್ಟು ಬಡಿಸಿದೆ. ಇನ್ನೊಂದು ಸೌಟು ಹಾಕಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದಳು.

“ಬೇಡ ಆಂಟಿ, ಲೇಟಾಗುತ್ತೆ. ಆ ಹುಡುಗಿ ಸಂಜೆ ಬಸ್ಸಿಗೇ ಟ್ರೈನಿಂಗಿಗೆ ಹೊರಡ್ತಾಳೆ. ತಪ್ಪಿದ್ರೆ ಸಿಗಲ್ಲ.”

ಈ ಮಾತು ಕೇಳಿದ ಮೇಲೆ ನಾನು ಸುಮ್ಮನಿರುವುದುಂಟೇ? ಈಡುಗಾಯಿ ಎಷ್ಟು ಚೂರಾದರೆ ವಿಘ್ನವೂ ಅಷ್ಟು ಚೂರು ಎನ್ನುತ್ತಿದ್ದರು ನಮ್ಮತ್ತೆ. ಕಾಯಿಗೆ ಅರಿಸಿನ ಕುಂಕುಮ ಬಳಿದು, ಸೆರಗು ಸಿಕ್ಕಿಸಿ, ಸೈಕಲ್ಲುಗಳ ಮುಂದೆ ಗಣಪನ ಹೆಸರು ಹೇಳಿ ಎತ್ತಿ ಬಡಿದೆ. ಅಂಥ ಏಟು ನಾನು ಜನ್ಮದಲ್ಲಿ ಕೊಟ್ಟಿರಲಿಲ್ಲ. ಬೇರೆ ದಿನವಾಗಿದ್ದರೆ ಬೀದಿ ಮಕ್ಕಳು ಮುಗಿಬಿದ್ದು ಒಂದು ಚೂರೂ ಬಿಡದೆ ಆರಿಸಿಕೊಳ್ಳುತ್ತಿದ್ದವು. ಅಂದು ಅವಕ್ಕೆಲ್ಲ ಸೈಕಲ್ ಗೇರಿನ ಮೇಲೆ ಕಣ್ಣು. ಕಾಯಿ ಬಿದ್ದಲ್ಲೇ ಬಿದ್ದಿತ್ತು.

ರೂಪಾ ಹತ್ತು ಮಾರು ಹೋದವಳು ಇಳಿದಳು. ಹಿಂದಿನ ಚಕ್ರ ನೆಲಕಚ್ಚಿತ್ತು. ಗಾಜು ಚುಚ್ಚಿರಬೇಕು ಎಂದರು ಯಾರೋ. ನನಗೆ ಸಿಟ್ಟು ನೆತ್ತಿಗೇರಿತು.

“ಕುಡಿದು ರಸ್ತೇಲಿ ಬಾಟ್ಲಿ ಒಡೀತಾರೆ, ಅವರ ಕೈ ಸೇದ್ಹೋಗ” ಎಂದೆ, ಗುಡಿಯೊಳಗಿನ ದೇವರಿಗೂ ಕೇಳಿಸುವ ಹಾಗೆ.

ರೂಪಾ ಟೈರಿನಿಂದ ಕಿತ್ತು ಅಂಗೈ ಮೇಲೆ ಇಟ್ಟುಕೊಂಡಳು. ಕರಟದ ಚೂರು. ಅದರ ತುದಿಯಲ್ಲಿ ಕುಂಕುಮ.

ಪಕ್ಕದ ಮನೆ ವೆಂಕಟಮ್ಮ ಬಗ್ಗಿ ನೋಡಿ, “ಏಮ್ಮಾ, ಇದು ನಿನ್ ಕಾಯೇ ಅಲ್ವಾ?” ಎಂದರು. ಆಯಮ್ಮನಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ಇದು ಮಾತ್ರ ಕಂಡಿತು. ನಾನು ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.

ಹೊಸ ಟ್ಯೂಬುಗಳಿದ್ದ ಯಾತ್ರೆಯವರ ವ್ಯಾನು ಆಗಲೇ ಮುಂದೆ ಹೋಗಿತ್ತು. ತೂತು ಎಲ್ಲಿದೆ ನೋಡಲು ನೀರು ಬೇಕೆಂದಳು ರೂಪಾ. ಓಡಿಹೋಗಿ ಕೈಗೆ ಸಿಕ್ಕಿದ್ದನ್ನು ತಂದೆ, ದೇವರ ಅಭಿಷೇಕದ ಹಿತ್ತಾಳೆ ಬೋಗುಣಿ. ಅದರೊಳಗೆ ಟ್ಯೂಬು ಮುಳುಗಿಸಿದಾಗ ಗುಳುಗುಳು ಎಂದು ಗುಳ್ಳೆ ಎದ್ದವು. ನನ್ನ ಮಾನವೇ ಸದ್ದು ಮಾಡಿಕೊಂಡು ಹೊರಗೆ ಹೋಗುತ್ತಿರುವಂತಿತ್ತು. ಎರಡೂ ಚಕ್ರ ಹೋಗಲಿಲ್ಲವಲ್ಲ, ಅದೇ ಪುಣ್ಯ.

“ಬಿಡಿ ಆಂಟಿ, ವಿಘ್ನ ಎಲ್ಲಾ ಇಲ್ಲೇ ಮುಗೀತು ಅಂದ್ಕೊಳ್ಳಣ” ಎಂದು ತೂತಿಗೆ ತೇಪೆ ಅಂಟಿಸುತ್ತ ನಕ್ಕಳು ಆ ಮಗು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆ ಎತ್ತಲಾಗದೆ ಬೋಗುಣಿ ಹಿಡಿದುಕೊಂಡೇ, ಇವಳು ಬಸ್ಸು ಹೊರಡುವ ಮೊದಲು ಸೇರಿಬಿಡಲಪ್ಪ ಎಂದು ಗಣಪನಿಗೆ ಹರಕೆ ಹೊತ್ತೆ.

ಆ ದಿನವೆಲ್ಲ ಒಲೆ ಮುಂದೆ ನಿಂತರೂ ಕಣ್ಣು ಗಡಿಯಾರದ ಮೇಲೆಯೇ. ಸಂಜೆ ಯಜಮಾನರ ಫೋನಿಗೆ ಒಂದು ಫೋಟೊ ಬಂತು. ಶಾಲು ಹೊದ್ದ ಹುಡುಗಿ ಬಸ್ಸಿನ ಮೆಟ್ಟಿಲ ಮೇಲೆ, ಕೆಳಗೆ ಬೆವೆತ ರೂಪಾ. ಡ್ರೈವರಿಗೆ ಕಾಯುವ ಬುದ್ಧಿ ಕೊಟ್ಟ ದೇವರಿಗೆ ಕೂತಲ್ಲೇ ಕೈಮುಗಿದೆ. ಆಮೇಲೆ ಹರಕೆಯ ನೆನಪಾಯಿತು. ಹೊತ್ತಿದ್ದು ಮತ್ತೊಂದು ಈಡುಗಾಯಿ.

ಬೆಳಗ್ಗೆ ಕಾಯಿಯನ್ನು ಸೆರಗಲ್ಲಿ ಮುಚ್ಚಿಕೊಂಡು ಹೊರಟರೆ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಪೊರಕೇನೂ ತಗೊಂಡು ಹೋಗು ಕಣೇ” ಎಂದರು. ತಗೊಂಡು ಹೋದೆ. ಗುಡಿಯ ಮುಂದೆ ಒಂದು ಆಟೋ ನಿಂತಿತ್ತು. ಡ್ರೈವರು ನನ್ನನ್ನು ನೋಡಿದ, ನನ್ನ ಕೈಯ ಕಾಯಿ ನೋಡಿದ. ಗಾಡಿಯನ್ನು ತಳ್ಳಿಕೊಂಡು ಹೋಗಿ ಆಚೆ ಬೀದಿಯಲ್ಲಿ ನಿಲ್ಲಿಸಿದ.