ಒಲೆಗೆ ಗಾಜು, ನಮಗೆ ಹೊಟ್ಟೆಕಿಚ್ಚು

ಕುವೈತಿನಲ್ಲಿ ಸೌದೆ ಒಲೆಯ ಬಾಗಿಲಿಗೆ ಗಾಜು ಹಾಕುವುದು ನನ್ನ ಕೆಲಸ ಅಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. "ಅಲ್ಲಿಯ ಸೆಖೆಗೆ ಒಲೆ ಬೇರೆ ಕೇಡು!" ಅನ್ನುತ್ತಾರೆ. ಇಲ್ಲಿಯ ಜನವರಿಯ ಗಾಳಿ ಅವರಿಗೇನು ಗೊತ್ತು? ಚಳಿ ಶುರುವಾಯಿತೆಂದರೆ ವಿಲ್ಲಾಗಳಲ್ಲಿ, ತೋಟದ ಮನೆಗಳಲ್ಲಿ ಕಬ್ಬಿಣದ ಒಲೆ ಉರಿಯುತ್ತದೆ. ಒಲೆ ಉರಿದಲ್ಲಿ ಗಾಜು ಬಿರಿಯುತ್ತದೆ, ಗಾಜು ಬಿರಿದಲ್ಲಿಗೆ ನಾನು ಹೋಗುತ್ತೇನೆ. ಹೋದಲ್ಲೆಲ್ಲ ಯಾರಿಗಾದರೂ ಹೊಟ್ಟೆಕಿಚ್ಚು ಹತ್ತಿಯೇ ತೀರುತ್ತದೆ. ಹೆಚ್ಚಿನ ಸಲ ನನಗೇ.

ಅಜ್ಜಿಯ ಧೂಪ

ಒಂದು ವಿಲ್ಲಾದಲ್ಲಿ ಕೆಲಸ ಮುಗಿಸಿ ಹೊರಡುವಾಗ ಆ ಮನೆಯ ಅಜ್ಜಿ ಬಖೂರಿನ ಧೂಪ ತಂದು ಪ್ರೀತಿಯಿಂದ ನನ್ನ ಸುತ್ತ ಹೊಗೆ ಆಡಿಸಿದರು. ಮಸಿಯ ನಾತವೆಲ್ಲ ಹೋಗಿ, ಮದುಮಗನ ಹಾಗೆ ಘಮಘಮಿಸುತ್ತ ಮಂಗಾಫಿನ ಫ್ಲ್ಯಾಟಿಗೆ ಬಂದೆ. ಬಾಗಿಲು ತೆರೆದ ಹೆಂಡತಿಯ ಮೂಗು ಅರಳಿತು, ಮುಖ ಮುದುಡಿತು.

"ನೀವು ರಿಪೇರಿಗೆ ಹೋದದ್ದಾ, ಮದುವೆಗೆ ಹೋದದ್ದಾ?"

"ಗಾಜು ಹಾಕ್ಲಿಕ್ಕೆ ಹೋದದ್ದು ಮಾರಾಯ್ತಿ. ಆ ಮನೆ ಅಜ್ಜಿ ಧೂಪ ಹಾಕಿದ್ರು."

"ಅಜ್ಜಿಗೆ ಎಷ್ಟು ಪ್ರಾಯ?"

ಈ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೂ ಕಷ್ಟ. ಕೈಕಾಲು ತೊಳೆದು ಊಟಕ್ಕೆ ಕೂತೆ. ಬಂಗುಡೆಯ ತುಂಡೆಲ್ಲ ಮಗಳ ಬಟ್ಟಲಿಗೆ ಹೋಯಿತು, ನನ್ನ ಅನ್ನದ ಮೇಲೆ ಬರೇ ಸಾರು ಬಿತ್ತು. "ಅಮ್ಮಾ, ವೈ ನೋ ಫಿಶ್ ಫಾರ್ ಪಪ್ಪಾ?" ಅಂತ ಮಗಳು ಕೇಳಿದಳು. "ಪಪ್ಪನಿಗೆ ಪರಿಮಳದಲ್ಲೇ ಹೊಟ್ಟೆ ತುಂಬಿದೆ" ಅಂತ ಉತ್ತರ ಬಂತು.

ಮರುದಿನ, ಒಲೆಯ ಬಾಗಿಲು ಸರಿಯಾಗಿ ಕೂರುತ್ತಿಲ್ಲವೆಂದು ಅಜ್ಜಿಯ ಮನೆಯಿಂದ ಮತ್ತೆ ಫೋನ್ ಬಂತು. ನಾನು ಹೆದರುತ್ತಲೇ ವಿಷಯ ಹೇಳಿದೆ. ಹೆಂಡತಿ ಒಳಗೆ ಹೋಗಿ ಒಂದು ದೊಡ್ಡ ಚೀಲ ತಂದಳು. ನನ್ನ ಜೊತೆ ಅವಳೂ ಹೊರಟಳೋ, ಇಲ್ಲ ನನ್ನನ್ನೇ ಮನೆಯಿಂದ ಹೊರಗೆ ಹಾಕುತ್ತಾಳೋ ಅಂತ ಚೀಲವನ್ನೇ ನೋಡಿದೆ.

"ಇದರಲ್ಲಿ ನನ್ನ ಎರಡು ರೇಷ್ಮೆ ಸೀರೆ ಉಂಟು" ಅಂದಳು. "ಇದಕ್ಕೂ ಸ್ವಲ್ಪ ಹೊಗೆ ಹಾಕಿಸಿಕೊಂಡು ಬನ್ನಿ."

ಅಣ್ಣನ ಗಾಜು, ತಮ್ಮನ ಗಾಜು

ಜಹ್ರಾದಲ್ಲಿ ಅಕ್ಕಪಕ್ಕದ ಮನೆಯಲ್ಲಿರುವ ಅಣ್ಣತಮ್ಮಂದಿರು. ಇಬ್ಬರದೂ ಒಂದೇ ಬಣ್ಣದ ಕಾರು, ಒಂದೇ ನಮೂನೆಯ ಗೇಟು, ಒಂದೇ ಕಂಪನಿಯ ಒಲೆ. ಅಣ್ಣನ ಒಲೆಯ ಗಾಜು ಸೀಳಿತ್ತು, ಹೊಸದು ಹಾಕಿ ಬೆಂಕಿ ಹೊತ್ತಿಸಿ ತೋರಿಸಿದೆ. ಅಷ್ಟರಲ್ಲಿ ಚಹಾ ಕುಡಿಯಲು ಬಂದ ತಮ್ಮ ಒಲೆಯ ಮುಂದೆ ನಿಂತವನು ನಿಂತೇ ಬಿಟ್ಟ. ಒಳಗಿನ ಬೆಂಕಿ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಚಹಾ ಅಲ್ಲೇ ಬಿಟ್ಟು ನನ್ನ ಕೈ ಹಿಡಿದು ತನ್ನ ಮನೆಗೆ ಎಳೆದುಕೊಂಡು ಹೋದ.

"ನನ್ನದಕ್ಕೂ ಹೊಸದು ಹಾಕು."

ನೋಡಿದೆ. ಗಾಜಿಗೆ ಏನೂ ಆಗಿರಲಿಲ್ಲ, ಹಸಿ ಸೌದೆಯ ಮಸಿ ಹಿಡಿದಿತ್ತು, ಅಷ್ಟೇ. ಒದ್ದೆ ಪೇಪರಿಗೆ ಒಲೆಯದೇ ಬೂದಿ ಹಚ್ಚಿ ಚೆನ್ನಾಗಿ ತಿಕ್ಕಿದೆ. ಫಳಫಳ ಹೊಳೆಯಿತು.

"ನೋಡಿ ಬಾಬಾ, ಹೊಸದರ ಹಾಗೇ ಆಯ್ತು."

"ಹೊಸದರ ಹಾಗೆ!" ಅವನ ಮುಖ ಇನ್ನೂ ಕಪ್ಪಾಯಿತು. "ಅವನಿಗೆ ಹೊಸದು, ನನಗೆ ಹೊಸದರ ಹಾಗೆ?"

"ಆದರೆ ಇದು ಒಡೆದಿಲ್ಲವಲ್ಲ!"

ಅವನು ಪಕ್ಕದಲ್ಲಿದ್ದ ಇಕ್ಕಳ ತೆಗೆದು ಗಾಜಿನ ನಡುವಿಗೆ ಒಂದು ಏಟು ಕೊಟ್ಟ. ಟಪ್ಪೆಂದು ಉದ್ದಕ್ಕೂ ಸೀಳಿತು.

"ಈಗ ಒಡೆದಿದೆ. ಖಲಾಸ್. ಯಲ್ಲಾ, ಬೇಗ ಹೊಸದು ತಾ."

ಮುಹಂದಿಸ್

ನಮ್ಮ ವ್ಯಾನ್ ಓಡಿಸುವವರು ಬಂಟ್ವಾಳ ಕಡೆಯವರು, ವಯಸ್ಸಿನಲ್ಲಿ ಹಿರಿಯರು. ನಾನು ಅಣ್ಣ ಅನ್ನುತ್ತೇನೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಾಯಿ ತುಂಬ ಅರಬಿ. ಹೋದಲ್ಲೆಲ್ಲ ಜನ ಅವರನ್ನೇ "ಮುಹಂದಿಸ್", ಅಂದರೆ ಇಂಜಿನಿಯರ್, ಅಂತ ಕರೆದು ಮೆತ್ತೆಯ ಮೇಲೆ ಕೂರಿಸುತ್ತಾರೆ. ಅವರೂ "ಅಲ್ಲ" ಅನ್ನುವುದಿಲ್ಲ. ನನ್ನ ಹೊಟ್ಟೆ ಎಷ್ಟು ಉರಿಯುತ್ತಿತ್ತೆಂದರೆ, ಅದಕ್ಕೂ ಒಂದು ಗಾಜಿನ ಬಾಗಿಲು ಹಾಕಬಹುದಿತ್ತು.

ಒಮ್ಮೆ ಸುಲೈಬಿಯಾದ ಒಂದು ತೋಟದ ಮನೆಗೆ ಹೋದೆವು. ಗಂಡಸರು ಕೂತು ಹರಟುವ ದಿವಾನಿಯಾದ ತುಂಬ ಬಿಳಿ ಬಟ್ಟೆಯ ಅತಿಥಿಗಳು. ಯಜಮಾನರು ಅಣ್ಣನನ್ನು ಪಕ್ಕದಲ್ಲಿ ಕೂರಿಸಿ ಖರ್ಜೂರ, ಕಾಫಿ ಕೊಟ್ಟರು. ನಾನು ಒಲೆಯೊಳಗೆ ತಲೆ ಹಾಕಿ ಹಳೇ ಗಾಜು ತೆಗೆದೆ, ಹೊಗೆ ಸೋರದ ಹಾಗೆ ಅಂಚಿಗೆ ಬೆಂಕಿ ತಾಳುವ ಹೊಸ ಹಗ್ಗ ಕೂರಿಸಿದೆ, ಗಾಜು ಸೀಳದ ಹಾಗೆ ಸ್ಕ್ರೂಗಳನ್ನು ಮೆಲ್ಲಗೆ ಬಿಗಿದೆ. ಮೇಲಿನಿಂದ ಮಸಿ ಬೀಳದಿರಲಿ ಅಂತ ಹೊಗೆ ಹೋಗುವ ಕೊಳವೆ ಮುಚ್ಚಿದ್ದೆ. ಮೊದಲು ಸಾಮಾನು ವ್ಯಾನಿನಲ್ಲಿಟ್ಟು, ಬಂದು ತೆಗೆಯೋಣ ಅಂತ ಹೊರಗೆ ಹೋದೆ.

ಅಷ್ಟರಲ್ಲಿ ಯಜಮಾನರು, "ಮುಹಂದಿಸ್, ಮೊದಲ ಬೆಂಕಿ ನಿಮ್ಮ ಕೈಯಿಂದಲೇ ಆಗಲಿ" ಅಂದರಂತೆ. ಅಣ್ಣ ಎದ್ದು, ಒಲೆ ತುಂಬ ಸೌದೆ ಇಟ್ಟು, ಹೋಮಕ್ಕೆ ಕೂತವರ ಹಾಗೆ ಗಂಭೀರವಾಗಿ ಕಡ್ಡಿ ಗೀರಿದರಂತೆ.

ವ್ಯಾನಿನ ಬಳಿ ನನಗೆ ಕೇಳಿಸಿದ್ದು ಕೆಮ್ಮು. ತಿರುಗಿ ನೋಡಿದರೆ ಬಾಗಿಲಿನಿಂದ ಹೊಗೆಯೂ ಅತಿಥಿಗಳೂ ಒಟ್ಟಿಗೆ ಹೊರಗೆ ಬರುತ್ತಿದ್ದರು.

"ಎಲ್ಲಿ ಆ ಮುಹಂದಿಸ್?" ಯಜಮಾನರು ಕಣ್ಣೊರೆಸುತ್ತ ಗುಡುಗಿದರು.

ಅಣ್ಣ ಎರಡೂ ಕೈಯಿಂದ ನನ್ನನ್ನು ತೋರಿಸಿದರು. "ಮುಹಂದಿಸ್ ಇವರು! ನಾನು ಬರೇ ಡ್ರೈವರ್!"

ಇಷ್ಟು ಕಾಲ ಆಸೆಪಟ್ಟ ಪದವಿ ಕೊನೆಗೂ ನನಗೆ ಸಿಕ್ಕಿತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಒಳಗೆ ನುಗ್ಗಿದೆ. ಕೊಳವೆ ತೆರೆದೆ, ಕಿಟಕಿಗಳನ್ನೆಲ್ಲ ತೆರೆದೆ. ಹೊಗೆ ಕರಗಿತು, ಹೊಸ ಗಾಜಿನ ಹಿಂದೆ ಬೆಂಕಿ ಬಂಗಾರದ ಹಾಗೆ ಎದ್ದಿತು. ಅತಿಥಿಗಳು "ಮಾಷಾಲ್ಲಾ" ಅನ್ನುತ್ತ ಒಳಗೆ ಬಂದರು. ಯಜಮಾನರು ನನ್ನ ಬೆನ್ನು ತಟ್ಟಿದರು. ಜನ್ಮ ಸಾರ್ಥಕವಾಯಿತು ಅಂದುಕೊಂಡು ಮುಖದ ಮಸಿ ತೊಳೆಯಲು ನಲ್ಲಿಯ ಬಳಿಗೆ ಹೋದೆ.

ಮುಖಕ್ಕೆ ಸಾಬೂನು ಹಚ್ಚಿಕೊಂಡಿದ್ದಾಗ ಒಳಗಿನಿಂದ, ಇಡೀ ಕುರಿ ಬೇಯಿಸಿ ತಂದ ದೊಡ್ಡ ತಟ್ಟೆಯ ಪರಿಮಳ ಬಂತು. ಹಿಂದೆಯೇ ಯಜಮಾನರ ದನಿ:

"ಮುಹಂದಿಸ್ ಎಲ್ಲಿ? ಮೊದಲ ತುಂಡು ಅವರಿಗೆ!"

ನಾನು ಸಾಬೂನು ತೊಳೆದುಕೊಳ್ಳುವ ಮೊದಲೇ ಬಂಟ್ವಾಳದ ದನಿ ಕೇಳಿಸಿತು: "ಇಲ್ಲೇ ಇದ್ದೇನೆ!"