ಹನ್ನೆರಡು ರೊಟ್ಟಿ ಮತ್ತು ಕರಾಚಿಯ ತಕ್ಕಡಿ

ಕರಾಚಿ ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರ ಕೋಣೆಯ ಬಾಗಿಲಿನ ಎಡಕ್ಕೆ, ಬಿಳಿ ಮುಖ ಮತ್ತು ಕರಿ ಮುಳ್ಳಿನೊಡನೆ ವಿರಾಜಮಾನರಾಗಿರುವ ತೂಕದ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಮುಳ್ಳು ಸದಾ ನೆಟ್ಟಗಿರಲಿ, ಸಮುದ್ರದ ಉಪ್ಪುಗಾಳಿ ತಮ್ಮ ಕಬ್ಬಿಣವನ್ನು ಮುಟ್ಟದಿರಲಿ, ದೇಶದೇಶಗಳ ಭಾರೀ ಮನುಷ್ಯರು ತಮ್ಮ ಮೇಲೆ ಮೆಲ್ಲಗೆ ಕಾಲಿಡಲಿ ಎಂದು ಹಾರೈಸಿ, ಜೇವರ್ಗಿ ತಾಲೂಕು ಕೊಳಕೂರಿನ ಸೈದಪ್ಪನೆಂಬ ನಾನು ಈ ದೂರನ್ನು ಸಲ್ಲಿಸುತ್ತಿದ್ದೇನೆ. ತಮಗೆ ಅಕ್ಷರ ಬಾರದೆಂದು ಬಲ್ಲೆ. ಆದರೆ ಅಂಕಿ ಚೆನ್ನಾಗಿ ಬರುತ್ತದೆ. ಆದ್ದರಿಂದ ಈ ಪತ್ರದಲ್ಲಿ ಸಾಧ್ಯವಾದಷ್ಟು ಅಂಕಿಗಳನ್ನೇ ಹಾಕಿದ್ದೇನೆ.

ತಾವು ನನ್ನನ್ನು ಮರೆತಿರಬಹುದು. ಇದೇ 1939ರ ಜನವರಿ ಹದಿನೇಳನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಏಳೂವರೆಗೆ, ಮುಂಬಯಿಗೆ ಹೊರಟ ವಿಮಾನದ ಆರು ಜನ ಪ್ರಯಾಣಿಕರಲ್ಲಿ, ಇಪ್ಪತ್ತೆರಡು ನಿಮಿಷಗಳ ಅವಧಿಯಲ್ಲಿ ತಮ್ಮ ಮೇಲೆ ಮೂರು ಸಲ ಹತ್ತಿ ಮೂರು ಸಲ ಇಳಿದವನು ನಾನೊಬ್ಬನೇ. ನನ್ನ ಸಂಕಟ ಹೆಚ್ಚಾಗಲು ಕಾರಣವೆಂದರೆ ನಾನೂ ತಮ್ಮ ಕಸುಬಿನವನೇ. ಜೇವರ್ಗಿಯ ಅಡತಿ ಅಂಗಡಿಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ಶೇಂಗಾ, ಜೋಳ, ಹತ್ತಿ ತೂಗುತ್ತಿದ್ದೇನೆ. ನನಗಿಂತ ಮೊದಲು ನನ್ನ ತಂದೆ ಅದೇ ತಕ್ಕಡಿ ಹಿಡಿದಿದ್ದರು. ತಕ್ಕಡಿಯ ವಿಷಯದಲ್ಲಿ ಸೈದಪ್ಪನನ್ನು ಯಾರೂ ಮೋಸಗೊಳಿಸಲಾರರು ಎಂಬ ಮಾತು ನಮ್ಮ ಪೇಟೆಯಲ್ಲಿ ಇದೆ, ಅಥವಾ ಜನವರಿಯ ತನಕ ಇತ್ತು.

ನಾನು ವಿಮಾನ ಹತ್ತಿದ್ದು ಶೋಕಿಗಲ್ಲ. ನಮ್ಮ ಸಾವುಕಾರರ ಶೇಂಗಾವನ್ನು ಕೊಳ್ಳುವ ಮನಸ್ಸಿದ್ದ ವಿಲಾಯತಿಯ ಎಣ್ಣೆ ವ್ಯಾಪಾರಿಯೊಬ್ಬರು ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಕರಾಚಿಯಲ್ಲಿ ಒಂದು ರಾತ್ರಿ ತಂಗುವವರಿದ್ದರು. ಲಂಡನ್ನಿನದು, ಹಾಲೆಂಡಿನದು, ಫ್ರಾನ್ಸಿನದು ಎಂಬ ಭೇದವಿಲ್ಲದೆ ಪೂರ್ವಕ್ಕೆ ಹೋಗುವ ವಿಮಾನಗಳೆಲ್ಲ ಕರಾಚಿಯಲ್ಲಿ ಇಳಿಯುತ್ತವೆ ಎಂಬುದನ್ನು, ಮೂರು ದಿನ ತಡವಾಗಿ ನಮ್ಮ ಅಂಗಡಿಗೆ ಬರುವ ದಿನಪತ್ರಿಕೆಯಲ್ಲಿ ನಾನೇ ಓದಿ ಹೇಳಿದ್ದೆ. ಮಾದರಿಯ ಶೇಂಗಾ ತುಂಬಿದ ತಗಡಿನ ಡಬ್ಬಿಯನ್ನು ಅವರಿಗೆ ಅಲ್ಲಿಯೇ ತೋರಿಸಬೇಕೆಂದು ಸಾವುಕಾರರು ಮುಂಬಯಿಯಿಂದ ಟಿಕೆಟ್ಟು ತರಿಸಿದರು. ತರಿಸಿದ ಮೇಲೆ ಅವರಿಗೆ ಆಕಾಶದ ಕಡೆ ನೋಡಿದರೆ ತಲೆ ತಿರುಗತೊಡಗಿತು.

"ನೀ ಪೇಪರ್ ಓದಾಂವ, ನಿನಗೆಲ್ಲಾ ಗೊತ್ತದ. ನೀನೇ ಹೋಗಿ ಬಾ" ಎಂದರು.

ಹೋಗುವಾಗ ನನ್ನ ಗಂಟು ಹಗುರವಾಗಿತ್ತು, ಮುಂಬಯಿಯ ತಕ್ಕಡಿ ತಕರಾರು ಮಾಡಲಿಲ್ಲ. ಹಗುರವಾಗಿದ್ದುದಕ್ಕೆ ಕಾರಣವನ್ನು ತಮಗೆ ಹೇಳಲೇಬೇಕು. ನನ್ನ ತಂಗಿ ತುಳಜಾಬಾಯಿ ಕರಾಚಿಯಲ್ಲಿದ್ದಾಳೆ. ಅವಳ ಗಂಡ ಮಾಳಿಂಗಪ್ಪ ಅಲ್ಲಿಯ ರೈಲ್ವೆ ಕಾರಖಾನೆಯಲ್ಲಿ ದುಡಿಯುತ್ತಾನೆ. ನಾಲ್ಕು ವರ್ಷಗಳ ಹಿಂದೆ, ಅಷ್ಟು ದೂರ ಹೋಗುವುದು ಬೇಡವೆಂದು ನಮ್ಮವ್ವ ಮಲ್ಕಮ್ಮ ಹಟ ಹಿಡಿದರೂ ಕೇಳದೆ ತಂಗಿ ಗಂಡನ ಜೊತೆ ಹೊರಟಳು. ಆ ದಿನ ಅವ್ವ ಬಾಗಿಲಲ್ಲಿ ನಿಂತು, "ರೊಟ್ಟಿ ಬಡಿಯಾಕ ಬರಲಾರದಾಕಿ ಪರದೇಶದಾಗ ಸಂಸಾರ ಮಾಡ್ತಾಳಂತ, ಹೋಗಲಿ" ಎಂದಳು. ಅಂದಿನಿಂದ ಮಗಳ ಹೆಸರನ್ನು ಬಾಯಿಗೆ ತಂದಿರಲಿಲ್ಲ. ನಾನು ಕರಾಚಿಗೆ ಹೊರಟಾಗಲೂ ಅವಳು ರೊಟ್ಟಿಗೆ ಹಚ್ಚಿಕೊಳ್ಳುವ ಒಂದು ಹಿಡಿ ಶೇಂಗಾ ಹಿಂಡಿ ಸಹ ಕಟ್ಟಿಕೊಡಲಿಲ್ಲ.

ವಿಮಾನದೊಳಗಿನ ನನ್ನ ಶೌರ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಿವಿಯಲ್ಲಿ ಹತ್ತಿ, ಮಡಿಲಲ್ಲಿ ಡಬ್ಬಿ, ಕೈಯಲ್ಲಿ ಒಂದು ಪತ್ರಿಕೆ ಇಟ್ಟುಕೊಂಡು ಕುಳಿತೆ. ಅದನ್ನು ತಲೆಕೆಳಗಾಗಿ ಹಿಡಿದಿದ್ದೆನೆಂದು ಕರಾಚಿಯಲ್ಲಿ ಇಳಿಯುವಾಗ ಪಕ್ಕದವರು ತಿಳಿಸಿದರು. ವಿಲಾಯತಿಯ ವ್ಯಾಪಾರಿ ಎರಡು ನಿಮಿಷ ಡಬ್ಬಿ ನೋಡಿ, ಮೂರು ಕಾಳು ಅಗಿದು, ಅದಕ್ಕೆ ಅರಗಿನ ಮುದ್ರೆ ಒತ್ತಿ ಸಹಿ ಹಾಕಿ, ಮುದ್ರೆ ಒಡೆಯದಂತೆ ಡಬ್ಬಿಯನ್ನು ಜೇವರ್ಗಿಗೆ ಮರಳಿ ಒಯ್ಯಬೇಕೆಂದು ಹೇಳಿ ತಮ್ಮ ವಿಮಾನಕ್ಕೆ ಹೋದರು. ಆ ಮೇಲೆ ನಾನು ಎರಡು ದಿನ ತಂಗಿಯ ಮನೆಯಲ್ಲಿದ್ದೆ.

ಹೊರಡುವ ಹಿಂದಿನ ದಿನ ತುಳಜಾ ನೆರೆಮನೆಯ ಮದೀನಾಬಿಯವರ ಬೀಸುಕಲ್ಲು ಕೇಳಿ ತಂದು, ಜೋಳ ಬೀಸಿ, ಹನ್ನೆರಡು ರೊಟ್ಟಿ ಬಡಿದು ಖಡಕ್ಕಾಗಿ ಒಣಗಿಸಿದಳು. ನಮ್ಮ ತಂದೆ ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದರು. ನಾನೂ ಹಾಗೆಯೇ ಎಣಿಸುತ್ತೇನೆ. ಅವಳೂ "ಲಾಭ, ಎರಡು, ಮೂರು" ಎಂದು ಎಣಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿದಳು.

"ಅವ್ವನ ಕೈಯಾಗ ಕೊಡಣ್ಣಾ. ಏನೂ ಹೇಳಬ್ಯಾಡ. ಮುರದು ಬಾಯಾಗ ಹಾಕ್ಕೊಂಡು ನೋಡಲಿ, ಅಷ್ಟ ಸಾಕು" ಎಂದಳು.

ನಾಲ್ಕು ವರ್ಷದ ಮಾತಿಗೆ ಉತ್ತರವೆಂದು ಅವಳು ಕಳಿಸಿದ್ದು ಆ ಹನ್ನೆರಡು ರೊಟ್ಟಿಗಳು. ಅವನ್ನು ತಲುಪಿಸುವ ಹೊಣೆ ನನ್ನದಾಯಿತು. ಈಗ ತಮ್ಮ ಪಾತ್ರಕ್ಕೆ ಬರುತ್ತೇನೆ.

ತಮ್ಮ ಬಳಿ ನಿಂತಿದ್ದ ಗುಮಾಸ್ತರು ನನ್ನನ್ನೂ ಡಬ್ಬಿಯನ್ನೂ ಗಂಟನ್ನೂ ಒಟ್ಟಿಗೆ ಹತ್ತಿಸಿದರು. ನಾನು ನೂರ ಅರವತ್ತೆಂಟು ಪೌಂಡು, ಡಬ್ಬಿ ಇಪ್ಪತ್ತೆಂಟು, ಗಂಟು ಇಪ್ಪತ್ತೇಳು, ಒಟ್ಟು ಇನ್ನೂರ ಇಪ್ಪತ್ತಮೂರು. ನನ್ನ ಟಿಕೆಟ್ಟಿಗೆ ಇದ್ದ ಮಿತಿ ಇನ್ನೂರ ಇಪ್ಪತ್ತೊಂದು. ಎರಡು ಪೌಂಡು, ಅಂದರೆ ಹತ್ತಿರ ಹತ್ತಿರ ಒಂದು ಸೇರು ಹೆಚ್ಚು. ನಾನು ಧೈರ್ಯಗೆಡಲಿಲ್ಲ. ಪೇಟೆಯಲ್ಲಿ ಕಾಳು ತೂಗಿದ ಮೇಲೆ ಚೀಲದ ತೂಕವೆಂದು ಒಂದು ಸೇರು ಕಳೆಯುವುದು ಪದ್ಧತಿ. ನನ್ನ ಅಂಗಿ ಧೋತರಗಳೂ ಒಂದು ಬಗೆಯ ಚೀಲವೇ ಆದ್ದರಿಂದ ಅವುಗಳ ಲೆಕ್ಕದಲ್ಲಿ ಒಂದು ಸೇರು ಕಳೆದುಬಿಡಬೇಕೆಂದು ಉರ್ದುವಿನಲ್ಲಿ ವಿನಂತಿಸಿದೆ. ಗುಮಾಸ್ತರು ತಾಳ್ಮೆಯಿಂದ, ಇಲ್ಲಿ ಚೀಲವೂ ಕಾಳೂ ಬೇರೆಯಲ್ಲ, ಎಲ್ಲವೂ ಸೇರಿ ಒಂದೇ ತೂಕ ಎಂದು ತಿಳಿಸಿ, ಏನನ್ನಾದರೂ ಇಳಿಸಿ ಬನ್ನಿ ಎಂದರು. ಅವರ ಮೊದಲ ಮಾತನ್ನು ನಾನು ಗಮನವಿಟ್ಟು ಕೇಳಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಏನನ್ನು ಇಳಿಸುವುದು? ಡಬ್ಬಿಯ ಮುದ್ರೆ ಒಡೆಯುವಂತಿಲ್ಲ. ಗಂಟಿನಲ್ಲಿದ್ದ ಖಜೂರ ಬಿಟ್ಟು ಹೋಗೋಣವೆಂದರೆ ಅದನ್ನು ಕೊಟ್ಟ ಮಾಳಿಂಗಪ್ಪ ತಂತಿಬೇಲಿಯ ಆಚೆ ನಿಂತು ನೋಡುತ್ತಿದ್ದ. ಆಗ ನನಗೆ ಇಪ್ಪತ್ತೊಂದು ವರ್ಷದ ಅನುಭವ ಸಹಾಯಕ್ಕೆ ಬಂತು. ಹನ್ನೆರಡು ರೊಟ್ಟಿಯ ತೂಕವೇ ಎರಡು ಪೌಂಡಿನ ಆಸುಪಾಸು ಇದೆ ಎಂದು ಕೈಯಲ್ಲಿ ಹಿಡಿದೇ ಹೇಳಿದೆ. ಬಿಟ್ಟು ಹೋದರೆ ಹಾಳು, ತಿಂದರೆ ಹಾಳಲ್ಲ. ಒಂದೆರಡನ್ನು ಉಳಿಸಿಕೊಂಡರೆ ಅವ್ವನಿಗೆ ತೋರಿಸಲು ಸಾಕು, ಉಳಿದ ಚೂರುಪಾರು ಗುಮಾಸ್ತರು ನೋಡಿಯೂ ನೋಡದಂತೆ ಬಿಟ್ಟಾರು ಎಂದುಕೊಂಡು ಬೆಂಚಿನ ಮೇಲೆ ಕುಳಿತೆ.

ವಿಮಾನದಲ್ಲಿ ಹೊಟ್ಟೆ ತೊಳಸುತ್ತದೆಂದು ಬೆಳಿಗ್ಗೆ ಏನೂ ತಿಂದಿರಲಿಲ್ಲ. ಮೊದಲ ರೊಟ್ಟಿ ಮುರಿದೆ. ಅದು ಹೇಗೆ ಮುರಿಯಬೇಕೋ ಹಾಗೆಯೇ ಮುರಿಯಿತು. ಹತ್ತಕ್ಕೆ ನಿಲ್ಲಿಸುವುದೆಂದು ಗೊತ್ತುಮಾಡಿಕೊಂಡಿದ್ದೆ, ನಿಲ್ಲಿಸಲಿಲ್ಲ. ಅದಕ್ಕೆ ತೂಕ ಕಾರಣವಲ್ಲ. ಹದಿನಾಲ್ಕು ನಿಮಿಷಗಳಲ್ಲಿ ಹನ್ನೆರಡೂ ಮುಗಿದವು. ಖಡಕ್ ರೊಟ್ಟಿ ಗಂಟಲಲ್ಲಿ ನಿಂತದ್ದರಿಂದ ಮೂಲೆಯ ನಳಕ್ಕೆ ಬಾಯಿಟ್ಟು ನೀರು ಕುಡಿದು, ಗೆದ್ದವನಂತೆ ಬಂದು ತಮ್ಮ ಮೇಲೆ ನಿಂತೆ.

ತಾವು ಇನ್ನೂರ ಇಪ್ಪತ್ತಮೂರೂ ಮುಕ್ಕಾಲು ತೋರಿಸಿದಿರಿ.

ಮಾನ್ಯರೇ, ತಮ್ಮ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಗಂಟಿನಿಂದ ಹೊರಟ ರೊಟ್ಟಿ ಹೊಟ್ಟೆಗೆ ಬಂದರೆ ಎಲ್ಲಿಯೂ ಹೋಗಿರುವುದಿಲ್ಲ, ಕುಡಿದ ನೀರಿಗೂ ತೂಕವಿದೆ ಎಂಬ ವಿಷಯವನ್ನು, ಎರಡು ತಲೆಮಾರಿನಿಂದ ತಕ್ಕಡಿ ಹಿಡಿದ ಮನೆತನದವನಿಗೆ ತಾವು ಒಂದು ಮಾತನ್ನೂ ಆಡದೆ ಕಲಿಸಿದಿರಿ. ಗುಮಾಸ್ತರು ಚೀಟಿಯಲ್ಲಿ ಎರಡನೆಯ ಅಂಕಿ ಬರೆದು, ನನ್ನ ಮುಖ ನೋಡಿ, ಮತ್ತೆ ಚೀಟಿ ನೋಡಿದರು. ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಸ್ವಲ್ಪ ಹಗುರವೆನಿಸುತ್ತಿತ್ತು.

ವಿಮಾನದ ಪಂಖಗಳು ತಿರುಗತೊಡಗಿದ್ದವು. ನಾನು ಗಾಬರಿಯಲ್ಲಿ ಕಾಲಿನ ಚಪ್ಪಲಿ ಕಳಚಿದೆ, ತಲೆಯ ರುಮಾಲು ಬಿಚ್ಚಿದೆ, ಎರಡನ್ನೂ ಬೇಲಿಯ ಆಚೆ ಮಾಳಿಂಗಪ್ಪನ ಕಡೆಗೆ ಎಸೆದೆ. ಜೇವರ್ಗಿಯ ಚಪ್ಪಲಿ ಜೋಡಿ ಎರಡು ಪೌಂಡು, ಇಪ್ಪತ್ತು ಮೊಳದ ರುಮಾಲು ಒಂದು ಪೌಂಡು. ಮೂರನೆಯ ಸಲ ತಾವು ಇನ್ನೂರ ಇಪ್ಪತ್ತೂ ಮುಕ್ಕಾಲು ತೋರಿಸಿ ನನ್ನನ್ನು ಬಿಟ್ಟುಕೊಟ್ಟಿರಿ. ಮೊದಲೇ ಚಪ್ಪಲಿ ಜೋಡಿಯನ್ನಷ್ಟೇ ಕಳಚಿದ್ದರೆ ಸರಿಯಾಗಿ ಇನ್ನೂರ ಇಪ್ಪತ್ತೊಂದು ಆಗುತ್ತಿತ್ತು, ರೊಟ್ಟಿಯೂ ರುಮಾಲೂ ಉಳಿಯುತ್ತಿದ್ದವು ಎಂಬ ಲೆಕ್ಕ ಹೊಳೆದದ್ದು ನಾನು ಸಮುದ್ರದ ಮೇಲೆ ಹಾರುತ್ತಿದ್ದಾಗ.

ದೂರಿನ ಮುಖ್ಯ ಭಾಗ ಇನ್ನು ಮುಂದೆ ಇದೆ. ಮುಂಬಯಿಯಲ್ಲಿ ಒಂದು ಟೋಪಿ ಕೊಳ್ಳಬಹುದಿತ್ತು. ಇಪ್ಪತ್ತು ಮೊಳ ಸುತ್ತುವವನು ಟೋಪಿ ಇಟ್ಟುಕೊಂಡು ಊರಿಗೆ ಹೋದರೆ ಜನ ಏನೆಂದಾರು ಎಂಬ ಒಣ ಜಂಬದಿಂದ ಕೊಳ್ಳಲಿಲ್ಲ. ರೈಲಿನಲ್ಲಿ ಗುಲಬರ್ಗಾಕ್ಕೆ ಬಂದು, ಭೀಮಾ ದಾಟಿ, ಬುಧವಾರ ಸಂಜೆಯ ಬಿಸಿಲಲ್ಲಿ ಬರಿದಲೆಯಲ್ಲಿ ಬರಿಗಾಲಲ್ಲಿ ಕೊಳಕೂರಿನೊಳಗೆ ನಡೆದೆ. ನಮ್ಮ ಕಡೆ ಗಂಡಸು ಹಾಗೆ ಬರುವುದು ಮನೆಯಲ್ಲಿ ಸಾವಾದಾಗ ಮಾತ್ರ. ಆ ಸಂಗತಿ ನನ್ನ ತಲೆಗೆ ಹೊಳೆಯಲೇ ಇಲ್ಲ. ದಾರಿಯಲ್ಲಿ ಎದುರಾದವರು ಮಾತಾಡಿಸದೆ ಪಕ್ಕಕ್ಕೆ ಸರಿದು ನಿಂತದ್ದನ್ನು ನೋಡಿ, ವಿಮಾನ ಹತ್ತಿ ಬಂದವನಿಗೆ ಮರ್ಯಾದೆ ಕೊಡುತ್ತಿದ್ದಾರೆಂದು ತಿಳಿದೆ.

ಅವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಮೊರ ಕೈಯಿಂದ ಜಾರಿತು, ಜೋಳ ಬೀದಿಗೆ ಚೆಲ್ಲಿತು. "ತುಳಜಾ" ಎಂದಳು, ನಾಲ್ಕು ವರ್ಷದಲ್ಲಿ ಮೊದಲ ಸಲ. ಆಮೇಲೆ ಗೋಡೆ ಹಿಡಿದುಕೊಂಡು, ಬಹಳ ಸಣ್ಣ ದನಿಯಲ್ಲಿ, "ಯಾವಾಗಾತು?" ಎಂದು ಕೇಳಿದಳು.

"ಏನೂ ಆಗಿಲ್ಲವ್ವಾ. ಆಕಿ ಆರಾಮದಾಳ. ಭಾರ ಆಗಿತ್ತು, ಇಳಿಸಿ ಬಂದೀನಿ" ಎಂದೆ.

ಆ ಮೇಲೆ ಅವಳು ನನಗೆ ಅಂದ ಮಾತುಗಳನ್ನು ಈ ಪತ್ರದಲ್ಲಿ ಬರೆಯಲಾರೆ. ಬೈಗುಳ ಮುಗಿದಾಗ ಕತ್ತಲಾಗಿತ್ತು. ನೀರು ಕೊಟ್ಟಳು, ಎದುರು ಕುಳಿತಳು, ಏನು ಕಳಿಸಿದ್ದಳು ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ತೆರೆದೆ, ಆದರೆ ಜೇಬಿನಲ್ಲಿ ಗುಮಾಸ್ತರು ಕೊಟ್ಟ ತಮ್ಮ ಅಂಕಿಗಳ ಚೀಟಿ ಇತ್ತು. ಎಲ್ಲವನ್ನೂ ಹೇಳಿ ಮೂರೂ ಅಂಕಿಗಳನ್ನು ಓದಿದೆ. ಅವಳು ಎರಡನೆಯದನ್ನು ಮತ್ತೆ ಓದಿಸಿದಳು.

"ಹನ್ನೆರಡೂ ತಿಂದಿ?"

"ಹನ್ನೆರಡೂ."

"ಹಿಂಡಿ ಇತ್ತೇನು?"

"ಇದ್ದಿಲ್ಲ."

"ಮೊಸರು?"

"ಇಲ್ಲವ್ವಾ. ಬರೇ ನೀರು, ಅದೂ ಕಡೀಗೆ."

"ಹಂಗಾದ್ರ ಹದ ಬಂದದ ಬಿಡು. ಕೆಟ್ಟ ರೊಟ್ಟಿ ಆಗಿದ್ರ ನೀ ಎರಡಕ್ಕ ಎದ್ದು ಹೋಗ್ತಿದ್ದಿ. ನಿನ್ನ ನಾ ಕಾಣೆನೇನು" ಎಂದು ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಮರುದಿನ ಬೆಳಿಗ್ಗೆ ಅವಳು ತಮ್ಮ ನಿಯಮವನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಮನುಷ್ಯನೂ ಗಂಟೂ ಕೂಡಿ ಇನ್ನೂರ ಇಪ್ಪತ್ತೊಂದು ಅಲ್ಲವೇ ಎಂದು ಖಾತ್ರಿ ಮಾಡಿಕೊಂಡು, ನನ್ನ ಜೊತೆ ಅಡತಿ ಅಂಗಡಿಗೆ ಬಂದು, ಹಮಾಲರೆಲ್ಲ ನೋಡುತ್ತಿರುವಂತೆ ಶೇಂಗಾ ತೂಗುವ ತಕ್ಕಡಿಯಲ್ಲಿ ಕುಳಿತಳು. ನಲವತ್ತು ಸೇರು, ಅಂದರೆ ಎಂಬತ್ತೆರಡು ಪೌಂಡು.

"ಹಂಗಾದ್ರ ಗಂಟಿಗೆ ಎಷ್ಟು ಉಳೀತು?" ಎಂದು ಕೇಳಿದಳು.

ನೂರ ಮೂವತ್ತೊಂಬತ್ತು ಪೌಂಡು ಎಂದೆ.

"ನಿನ್ನಷ್ಟು ದಪ್ಪ ಇದ್ದಾಂವ ಹೋಗಬಾರದಿತ್ತು. ನಾನ ಹೋಗ್ತೀನಿ" ಎಂದಳು.

ತಮ್ಮ ನಿಯಮ ನನಗೆ ಅರ್ಥವಾಗಲು ಹನ್ನೆರಡು ರೊಟ್ಟಿ ಬೇಕಾದವು, ಓದು ಬಾರದ ನಮ್ಮವ್ವನಿಗೆ ಒಂದು ರಾತ್ರಿ ಸಾಕಾಯಿತು. ಈಗ ಮನೆಯಲ್ಲಿ ನೂರ ಮೂವತ್ತೊಂಬತ್ತು ಪೌಂಡಿನ ಗಂಟು ಸಿದ್ಧವಾಗುತ್ತಿದೆ. ಅದರಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ, ಪುಂಡಿಯ ಉಪ್ಪಿನಕಾಯಿ ಇವೆ. ಯಾರಿಗಾಗಿ ಎಂದು ಕೇಳುವ ಧೈರ್ಯ ನಮಗಾರಿಗೂ ಬಾರದಂತೆ ಅವಳು ನಾಲ್ಕು ವರ್ಷದಿಂದ ಹೊಲಿಯುತ್ತ ಬಂದ ಕೌದಿಯೂ ಇದೆ. ವಿಮಾನದ ಟಿಕೆಟ್ಟು ನಮ್ಮಂಥವರಿಗಲ್ಲ ಎಂದು ಹೇಳಲು ಇನ್ನೂ ಬಾಯಿ ಬಂದಿಲ್ಲ. ಹೇಗಾದರೂ ರೈಲು ಹತ್ತಿಸಿ ಕರೆತರುತ್ತೇನೆ. ಆದರೆ ತಮ್ಮ ಮೇಲೆ ಒಮ್ಮೆ ನಿಲ್ಲದೆ ಅವಳು ಮಗಳ ಮನೆಗೆ ಹೋಗುವವಳಲ್ಲ.

ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೇ. ಆಕೆ ಬಂದಾಗ ಒಂದು ಸೇರೂ ಹೆಚ್ಚು ಕಡಿಮೆ ತೋರಿಸಬಾರದು, ಪೇಟೆಯ ತಕ್ಕಡಿಯಲ್ಲಿ ನಾನು ಹೇಳಿದ ಅಂಕಿಯನ್ನೇ ತೋರಿಸಬೇಕು. ಈ ಸಂಸಾರದಲ್ಲಿ ನನ್ನ ಮಾತಿಗೆ ಉಳಿದಿರುವ ತೂಕ ಅದೊಂದೇ. ಸಾಧ್ಯವಾದರೆ ಮುಂದಿನ ಸುಗ್ಗಿಯಲ್ಲಿ ತಾವು ಒಂದು ತಿಂಗಳು ರಜೆ ಪಡೆದು ನಮ್ಮ ಅಂಗಡಿಗೆ ಬಂದು ನನ್ನ ಪಕ್ಕದಲ್ಲಿ ನಿಲ್ಲಬೇಕು. ಚೀಲದ ಲೆಕ್ಕದಲ್ಲಿ ಒಂದು ಸೇರು ಕಳೆಯುವ ದಾಕ್ಷಿಣ್ಯವನ್ನು ನಾನು ಕಲಿಸಿಕೊಡುತ್ತೇನೆ. ತಾವು ನನಗೆ ಕಲಿಸಬೇಕಾದದ್ದನ್ನು ಆಗಲೇ ಕಲಿಸಿದ್ದೀರಿ.

ಮೂರು ಸಲ ತಮ್ಮ ಮೇಲೆ ನಿಂತು ಮೂರು ಸಲವೂ ತಲೆ ತಗ್ಗಿಸಿದ,
ತಮ್ಮ ವಿಶ್ವಾಸಿ,
ಸೈದಪ್ಪ, ಕೊಳಕೂರ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ ತಂಗಿಯ ಕಾಗದ ಬಂತು. ಬೇಲಿಯ ಆಚೆಯಿಂದ ಮಾಳಿಂಗಪ್ಪ ಎಲ್ಲವನ್ನೂ ನೋಡಿದ್ದನಂತೆ. ನನ್ನ ರುಮಾಲು, ಚಪ್ಪಲಿಗಳನ್ನು ಅವ್ವ ಬಂದು ಒಯ್ಯಬೇಕಂತೆ. ನನ್ನ ಕೈಯಲ್ಲಿ ಕೊಟ್ಟರೆ ದಾರಿಯಲ್ಲಿ ಅವನ್ನೂ ತಿಂದುಬಿಡುತ್ತೇನಂತೆ.